ಚಿಸ್ವಿಕ್ ವಿಹಾರಕ್ಕೆ ಹೋದ ಭಾನುವಾರ

ಈ ತಿಂಗಳು ವೀಸಾ, ಬಾಡಿಗೆ, ಪೇಸ್ಲಿಪ್ ವಿಷಯಗಳನ್ನು ಬದಿಗಿಟ್ಟು ಬೇರೊಂದು ಮಾತು ಬರೆಯುತ್ತಿದ್ದೇವೆ. ಬರೆಯೋದೋ ಬೇಡವೋ ಅಂತ ನಾವೇ ಎರಡು ಸಲ ಕೂತು ಮಾತಾಡಿದೆವು. ಯಾಕಂದರೆ ಇದರಲ್ಲಿ ನಮ್ಮದೇ ಒಂದು ತಪ್ಪು ಇದೆ.

ಈಸ್ಟ್ ಹ್ಯಾಮ್‌ನ ನಮ್ಮ ಮನೆಯಲ್ಲಿ ಐದು ಜನ ಇದ್ದೇವೆ. ಇಬ್ಬರು ಕೇರ್ ಹೋಂ ಕೆಲಸ, ಒಬ್ಬರು ವೇರ್‌ಹೌಸ್, ಒಬ್ಬರು ಹೋಟೆಲ್ ಕಿಚನ್. ಐದನೆಯವನು ಕಲಬುರಗಿ ಕಡೆಯ ಹುಡುಗ, ಎರಡು ವರ್ಷದಿಂದ ನಮ್ಮ ಜೊತೆಗಿದ್ದಾನೆ. ಕಳೆದ ಚಳಿಗಾಲದ ಒಂದು ಬೆಳಗಿನ ಜಾವ ಅವನ ತಂದೆ ತೀರಿಕೊಂಡ ಸುದ್ದಿ ಬಂತು. ಹೋಗಲು ಆಗಲಿಲ್ಲ. ಮಣ್ಣು ಮಾಡುವುದನ್ನು ಫೋನಿನ ವಿಡಿಯೋದಲ್ಲೇ ನೋಡಿದ, ಆಮೇಲೆ ಎದ್ದು ಶಿಫ್ಟಿಗೆ ಹೋದ. ಇಂಥದ್ದು ಈ ಪತ್ರಿಕೆ ಓದುವ ಎಷ್ಟೋ ಮನೆಗಳಲ್ಲಿ ನಡೆದಿದೆ, ಹೆಚ್ಚು ಹೇಳಬೇಕಿಲ್ಲ.

ಸಂಜೆ ಬಂದಾಗ ನಾವು, "ಇಲ್ಲೇ ಮುರುಗನ್ ದೇವಸ್ಥಾನ ಇದೆಯಲ್ಲ, ಅಪ್ಪನ ಹೆಸರಲ್ಲಿ ಒಂದು ಪೂಜೆ ಮಾಡಿಸೋಣ" ಅಂದೆವು. ಅವನು ತಲೆ ತಗ್ಗಿಸಿಕೊಂಡೇ, "ಬ್ಯಾಡ್ರಿ ಅಣ್ಣಾ. ನಾವು ಬೌದ್ಧರು. ಇಲ್ಲಿ ವಿಹಾರ ಎಲ್ಲ್ಯರೆ ಅದ ಏನ್ರಿ?" ಅಂದ.

ಎರಡು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಉಂಡಿದ್ದೇವೆ, ನಮಗೆ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಅಂತ ಕೇಳುವುದಕ್ಕೂ ಮೊದಲೇ ನಮಗೆ ನೆನಪಾಯಿತು. ಅವನು ಸೂಟ್‌ಕೇಸ್ ಹಿಡಿದು ಬಂದ ಮೊದಲ ದಿನ ನಮ್ಮಲ್ಲೊಬ್ಬರು, "ನಿಮ್ದು ಯಾವ ಜನ?" ಅಂತ ಕೇಳಿದ್ದರು. ಅವನು "ನಾವು ಕಲಬುರಗಿ ಕಡೆಯವರ್ರಿ" ಅಂದು ಸುಮ್ಮನಾಗಿದ್ದ. ಕೇಳಿದ್ದು ಒಬ್ಬರು, ಉತ್ತರಕ್ಕೆ ಕಿವಿ ಕೊಟ್ಟು ಕೂತಿದ್ದವರು ನಾಲ್ಕೂ ಜನ. ಆಮೇಲೆ ದೀಪಾವಳಿಗೆ ನಾವು ಲಕ್ಷ್ಮೀಪೂಜೆ ಮಾಡುವಾಗ ಅವನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ನಿಂತಿರುತ್ತಿದ್ದ. ಬುದ್ಧನ ಒಂದು ಸಣ್ಣ ಫೋಟೋ ಅವನ ಕಪಾಟಿನೊಳಗೇ ಇತ್ತಂತೆ, ಹೊರಗೆ ಇಟ್ಟಿರಲಿಲ್ಲ.

ಮುಂದಿನ ಭಾನುವಾರ ಎಲ್ಲರೂ ರಜೆ ಹೊಂದಿಸಿಕೊಂಡು ಅವನ ಜೊತೆ ಹೊರಟೆವು. ಈಸ್ಟ್ ಹ್ಯಾಮ್‌ನಲ್ಲಿ ಡಿಸ್ಟ್ರಿಕ್ಟ್ ಲೈನ್ ಹತ್ತಿ, ಊರಿನ ಪೂರ್ವದಿಂದ ಪಶ್ಚಿಮಕ್ಕೆ ಹೋಗಿ, ಟರ್ನ್‌ಹ್ಯಾಮ್ ಗ್ರೀನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಬೆಡ್‌ಫರ್ಡ್ ಪಾರ್ಕ್‌ನ 'ದಿ ಅವೆನ್ಯೂ' ರಸ್ತೆಯಲ್ಲಿ ಲಂಡನ್ ಬುದ್ಧಿಸ್ಟ್ ವಿಹಾರ ಸಿಗುತ್ತದೆ. 1926ರಲ್ಲಿ ಶ್ರೀಲಂಕಾದ ಅನಾಗಾರಿಕ ಧರ್ಮಪಾಲರು ಇದನ್ನು ಶುರು ಮಾಡಿದರು. ಮೊದಲು ಇದ್ದದ್ದು ಈಲಿಂಗ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಚ್ಚಿ, ಆಮೇಲೆ ಮತ್ತೆ ತೆರೆದು, ಜಾಗ ಬದಲಾಯಿಸುತ್ತಾ ಬದಲಾಯಿಸುತ್ತಾ 1994ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಲಂಡನ್ನಿನಲ್ಲಿ ರೂಮು ಬದಲಾಯಿಸುವ ಕಷ್ಟ ವಿಹಾರವನ್ನೂ ಬಿಟ್ಟಿಲ್ಲ!

ಹೋಗುವಾಗ ಅಡುಗೆ ಮಾಡಿಕೊಂಡು ಹೋಗಿದ್ದೆವು. ಅನ್ನ, ಬದನೆಕಾಯಿ ಪಲ್ಯ, ಊರಿಂದ ಬಂದ ತೊಗರಿಬೇಳೆಯ ಸಾರು. ಅವನ ತಂದೆ ತೊಗರಿ ಬೆಳೆಯುತ್ತಿದ್ದರು. ಈ ಸಂಪ್ರದಾಯದ ಭಿಕ್ಖುಗಳು ಮಧ್ಯಾಹ್ನದ ಮೇಲೆ ಊಟ ಮಾಡುವುದಿಲ್ಲ. ತಾವೇ ಬೇಯಿಸಿಕೊಳ್ಳುವುದಿಲ್ಲ, ಜನ ಕೊಟ್ಟದ್ದನ್ನು ಉಣ್ಣುತ್ತಾರೆ. ಆದ್ದರಿಂದ ದಾನ ಕೊಡುವವರು ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡು, ಹನ್ನೆರಡರೊಳಗೆ ಊಟ ಮುಗಿಯುವಂತೆ ಹೋಗಬೇಕು. ಬೌದ್ಧರೆಲ್ಲ ಸಸ್ಯಾಹಾರಿಗಳು ಅಂತ ನಾವು ತಿಳಿದಿದ್ದೆವು, ಅದೂ ಹಾಗಿಲ್ಲವಂತೆ. ತಮಗೋಸ್ಕರವೇ ಕೊಂದದ್ದು ಅಂತ ಕಂಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು. ಹಾಗಿದ್ದರೆ ಬಟ್ಟಲಿಗೆ ಬಿದ್ದದ್ದನ್ನು ಭಿಕ್ಖುಗಳು ಉಣ್ಣಬಹುದು. ಪೂರ್ತಿ ಸಸ್ಯಾಹಾರದ ಪಂಥಗಳೂ ಬೇರೆ ಇವೆ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಬುದ್ಧನ ಮೂರ್ತಿ, ಮುಂದೆ ಹೂವು, ದೀಪ, ಊದಿನಕಡ್ಡಿ. ನೋಡುವುದಕ್ಕೆ ನಮ್ಮ ಗುಡಿಯ ಹಾಗೇ ಕಾಣುತ್ತದೆ. ಆದರೆ ಅಲ್ಲಿ ಯಾರೂ ವರ ಬೇಡುವುದಿಲ್ಲ. ಬುದ್ಧ ದೇವರಲ್ಲ, ಲೋಕ ಸೃಷ್ಟಿಸಿದವನಲ್ಲ, ದಾರಿ ಕಂಡುಕೊಂಡು ತೋರಿಸಿದ ಗುರು. ಬಾಗುವುದು ಗುರುವಿಗೆ ಬಾಗಿದಂತೆ. ಹೂವು ಇಡುವಾಗಲೂ, ಈ ಹೂವು ಬಾಡುವ ಹಾಗೆ ನಾನೂ ಬಾಡುತ್ತೇನೆ ಅಂತ ನೆನೆದುಕೊಂಡು ಇಡಬೇಕು.

ಮೊದಲು ತ್ರಿಶರಣ. ಬುದ್ಧ, ಧಮ್ಮ, ಸಂಘ ಈ ಮೂರಕ್ಕೆ ಶರಣು ಅಂತ ಮೂರು ಸಲ ಹೇಳುವುದು. ಗುರು, ಅವನು ಹೇಳಿದ ಮಾತು, ಆ ಮಾತಿನಂತೆ ನಡೆಯುವವರ ಕೂಟ. ಇಷ್ಟನ್ನು ಹೇಳಿದವರು ಬೌದ್ಧರು. ಅದಕ್ಕೆ ಕುಲ ಕೇಳುವುದಿಲ್ಲ, ಗೋತ್ರ ಕೇಳುವುದಿಲ್ಲ.

ಬುದ್ಧ ಹೇಳಿದ್ದೇನು ಅಂದರೆ, ವೈದ್ಯರ ಹಾಗೆ ನಾಲ್ಕು ಮಾತು. ದುಃಖ ಇದೆ, ಇದು ರೋಗ. ಅದಕ್ಕೆ ಕಾರಣ ತೃಷ್ಣೆ, ಅಂದರೆ ಬೇಕು ಬೇಕು ಅನ್ನುವ ದಾಹ, ಹಿಡಿದದ್ದನ್ನು ಬಿಡಲಾರದ ಹಟ. ಆ ಕಾರಣ ಹೋದರೆ ದುಃಖವೂ ಹೋಗುತ್ತದೆ. ಹೋಗಲಾಡಿಸಲು ಎಂಟು ಅಂಗಗಳ ದಾರಿ ಇದೆ: ಸರಿಯಾದ ತಿಳಿವು, ಸಂಕಲ್ಪ, ಮಾತು, ನಡತೆ, ಜೀವನೋಪಾಯ, ಪ್ರಯತ್ನ, ಎಚ್ಚರ, ಸಮಾಧಿ. ಇದರ ಹಿಂದಿರುವ ದೊಡ್ಡ ತಿಳಿವಳಿಕೆ ಎಂದರೆ ಯಾವುದೂ ನಿಲ್ಲುವುದಿಲ್ಲ, ಎಲ್ಲ ಬದಲಾಗುತ್ತದೆ ಎನ್ನುವುದು. 'ನಾನು' ಅಂತ ಹಿಡಿದುಕೊಂಡಿರುವುದೂ ಅಷ್ಟೆ.

ಕರ್ಮ ಅನ್ನುವ ಮಾತನ್ನೂ ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ಶಿಫ್ಟ್ ಕ್ಯಾನ್ಸಲ್ ಆದರೆ ನಾವು "ನನ್ನ ಕರ್ಮ" ಅಂತೇವೆ, ಹಣೆಬರಹ ಅನ್ನುವ ಅರ್ಥದಲ್ಲಿ. ಬುದ್ಧನ ಮಾತಿನಲ್ಲಿ ಕರ್ಮ ಅಂದರೆ ಮನಸ್ಸಿಟ್ಟು ಮಾಡುವ ಕೆಲಸ. ಯಾವ ಉದ್ದೇಶದಿಂದ ಮಾಡಿದೆ ಅನ್ನುವುದೇ ಮುಖ್ಯ. ಮನುಷ್ಯ ಕೀಳಾಗುವುದೂ ಮೇಲಾಗುವುದೂ ಹುಟ್ಟಿನಿಂದಲ್ಲ, ಮಾಡುವ ಕೆಲಸದಿಂದ ಅಂತ ಅವನು ಮತ್ತೆ ಮತ್ತೆ ಹೇಳಿದ. ಬಸವಣ್ಣನವರ ನಾಡಿನಿಂದ ಬಂದ ನಮಗೆ ಇದು ಹೊಸದಲ್ಲ. ಆದರೆ ಗೊತ್ತಿದ್ದೂ "ಯಾವ ಜನ?" ಅಂತ ಕೇಳಿದವರು ನಾವು.

ಆಮೇಲೆ ಪಂಚಶೀಲ. ನಮಗೆ ಅಲ್ಲಿ ಬಹಳ ಹಿಡಿಸಿದ್ದು ಇದೇ. ಐದೂ ಸಾಲು ಪಾಲಿ ಭಾಷೆಯಲ್ಲಿ. ಒಂದೊಂದರಲ್ಲೂ ಮೂರು ಮಾತು ಬರುತ್ತವೆ: 'ವೇರಮಣಿ' ಅಂದರೆ ದೂರ ಇರುವುದು, 'ಸಿಕ್ಖಾಪದ' ಅಂದರೆ ಕಲಿಕೆಯ ಹೆಜ್ಜೆ, 'ಸಮಾದಿಯಾಮಿ' ಅಂದರೆ ನಾನಾಗಿ ತೆಗೆದುಕೊಳ್ಳುತ್ತೇನೆ. ಮಾಡಬೇಡ ಅಂತ ಮೇಲಿನಿಂದ ಬಂದ ಅಪ್ಪಣೆ ಅಲ್ಲ. ತಪ್ಪಿದರೆ ನಾಳೆ ಮತ್ತೆ ತೆಗೆದುಕೊಳ್ಳಬಹುದು. ಊರಲ್ಲಾದರೆ ಅಪ್ಪ, ಅಮ್ಮ, ಓಣಿಯ ಜನ ನೋಡುತ್ತಾರೆ ಅನ್ನುವ ಅಂಜಿಕೆ ಇರುತ್ತದೆ. ಇಲ್ಲಿ ನಮ್ಮನ್ನು ನೋಡುವವರು ಯಾರು? ನಮ್ಮ ಮಾತಿಗೆ ನಾವೇ ಸಾಕ್ಷಿ. ಒಂದೊಂದನ್ನೂ ನಮ್ಮ ದಿನದ ಬದುಕಿಗೆ ಇಟ್ಟು ನೋಡೋಣ.

ಮೊದಲನೆಯದು ಜೀವ ತೆಗೆಯುವುದರಿಂದ ದೂರ ಇರುವುದು. ನಮ್ಮ ಅಡುಗೆಮನೆಯಲ್ಲಿ ಇಲಿ ಕಾಟ, ಅದರ ಬಗ್ಗೆ ಮನೆಯಲ್ಲಿ ಜಗಳವೇ ಆಯಿತು. ಕೊನೆಗೆ ಕೊಲ್ಲದೆ ಹಿಡಿಯುವ ಬೋನು ತಂದೆವು; ಕೆಲಸ ಮಾಡುತ್ತದೋ ಇಲ್ಲವೋ ಮುಂದೆ ತಿಳಿಸುತ್ತೇವೆ. ಆದರೆ ಈ ಶೀಲದ ತಿರುಳು ದಯೆ. ಕೇರ್ ಹೋಂನಲ್ಲಿ ಮಾತು ಬಾರದ ಮುದುಕರ ಬಾಯಿಗೆ ಚಮಚ ಇಡುವಾಗ ಅವಸರ ಮಾಡದಿರುವುದೂ ಇದರಲ್ಲೇ ಸೇರುತ್ತದೆ ಅಂತ ನಮಗನ್ನಿಸಿತು.

ಎರಡನೆಯದು ಕೊಡದೆ ಇದ್ದದ್ದನ್ನು ತೆಗೆದುಕೊಳ್ಳದಿರುವುದು. ಕಳ್ಳತನ ಅನ್ನುವುದಕ್ಕಿಂತ ಇದು ಅಗಲವಾದ ಮಾತು. ದುಡಿದ ಗಂಟೆಗೆ ಸಂಬಳ ಕೊಡದೆ ಇಟ್ಟುಕೊಳ್ಳುವುದು, ಫ್ರಿಜ್‌ನಲ್ಲಿ ಇನ್ನೊಬ್ಬರ ಹಾಲು ಬಗ್ಗಿಸಿಕೊಳ್ಳುವುದು, ಎರಡೂ ಇದರಲ್ಲಿವೆ. ಮೂರನೆಯದು ಕಾಮದ ವಿಷಯದಲ್ಲಿ ತಪ್ಪು ನಡತೆ ಬಿಡುವುದು. ಮನೆ, ಹೆಂಡತಿ, ಗಂಡ, ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ದೂರ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯದು ಸುಳ್ಳು ಹೇಳದಿರುವುದು. ಸರಿಯಾದ ಮಾತು ಅಂದರೆ ಸುಳ್ಳಿನ ಜೊತೆಗೆ ಚಾಡಿ, ಬಿರುಸು ಮಾತು, ಹುರುಳಿಲ್ಲದ ಹರಟೆ ಕೂಡ ಬಿಡಬೇಕು. ನಮ್ಮ ವಾಟ್ಸಾಪ್ ಗ್ರೂಪುಗಳು ಈ ಲೆಕ್ಕದಲ್ಲಿ ಎಷ್ಟು ಉಳಿಯುತ್ತವೋ! ಊರಿಗೆ ಫೋನ್ ಮಾಡಿ "ಇಲ್ಲಿ ಎಲ್ಲ ಆರಾಮ" ಅನ್ನುವ ಸುಳ್ಳಿನ ಬಗ್ಗೆ ನಮ್ಮಲ್ಲಿ ಒಮ್ಮತ ಆಗಲಿಲ್ಲ. ಅಮ್ಮನ ಎದೆ ಒಡೆಯಬಾರದು ಅಂತ ಹೇಳುವುದು ಅದು ಅಂತ ಒಬ್ಬರು. ಅದನ್ನೇ ನಂಬಿ ತಮ್ಮನೂ ಸಾಲ ಮಾಡಿ ಏಜೆಂಟ್‌ಗೆ ದುಡ್ಡು ಕಟ್ಟಿದ ಅಂತ ಇನ್ನೊಬ್ಬರು. ನೀವೇ ಯೋಚಿಸಿ.

ಐದನೆಯದು ಮೈಮರೆಸುವ ಮದ್ಯದಿಂದ ದೂರ ಇರುವುದು. ಸಂಜೆ ನಾಲ್ಕಕ್ಕೇ ಕತ್ತಲಾಗುವ ಡಿಸೆಂಬರಿನಲ್ಲಿ, ರೂಮಿನಲ್ಲಿ ಒಬ್ಬರೇ ಇರುವಾಗ, ಒಂದು ಕ್ಯಾನ್ ಎರಡಾಗಿ ಎರಡು ನಾಲ್ಕಾಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕುಡಿದವನು ಪಾಪಿ ಅಂತ ಈ ಶೀಲ ಹೇಳುವುದಿಲ್ಲ. ಎಚ್ಚರ ತಪ್ಪಿದರೆ ಉಳಿದ ನಾಲ್ಕೂ ಕೈ ಜಾರುತ್ತವೆ, ಅದಕ್ಕೆ ಇದು ಕಾವಲು.

ಸರಿಯಾದ ಜೀವನೋಪಾಯದ ಬಗ್ಗೆಯೂ ಒಂದು ಮಾತು. ಗೃಹಸ್ಥ ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧ ಹೆಸರಿಸಿದ್ದಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಜೀವಿಗಳ ವ್ಯಾಪಾರ ಅಂದರೆ ಮನುಷ್ಯರನ್ನು ಮಾರುವುದು ಅಂತ ಹಿಂದಿನವರು ಅರ್ಥ ಬರೆದಿದ್ದಾರೆ. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಡಿಸುತ್ತೇವೆ ಅಂತ ಬಡವರ ಹತ್ತಿರ ಲಕ್ಷಗಟ್ಟಲೆ ಎಣಿಸಿಕೊಳ್ಳುವವರು ಯಾವ ವ್ಯಾಪಾರ ಮಾಡುತ್ತಿದ್ದಾರೆ ಅಂತ ಬೇರೆ ಹೇಳಬೇಕೇ? ಹಾಗಾದರೆ ಆಫ್-ಲೈಸೆನ್ಸ್ ಅಂಗಡಿಯಲ್ಲಿ ಬಿಲ್ ಹಾಕುವ ನಮ್ಮ ಹುಡುಗರ ಗತಿ ಏನು ಅಂತ ಕೇಳಬಹುದು. ಹೆಸರಿಸಿರುವುದು ವ್ಯಾಪಾರವನ್ನು. ಹೊಟ್ಟೆಗಾಗಿ ನಿಂತ ಕೆಲಸ ಬೇರೆ. ಅಷ್ಟರಲ್ಲೇ ಇನ್ನೊಂದು ಕೆಲಸ ಹುಡುಕುವ ಪ್ರಯತ್ನವೂ ದಾರಿಯ ಒಂದು ಅಂಗವೇ ಅಂತ ನಾವು ತಿಳಿದೆವು.

ಆ ದಿನ ನಮ್ಮ ಹುಡುಗನ ಜೊತೆ ಶ್ರೀಲಂಕಾದ ಒಂದು ಕುಟುಂಬವೂ ತೀರಿಕೊಂಡ ಅಜ್ಜಿಯ ಹೆಸರಲ್ಲಿ ದಾನಕ್ಕೆ ಬಂದಿತ್ತು. ಎಲ್ಲರೂ ಬಿಳಿ ಬಟ್ಟೆ. ಊಟ ಬಡಿಸಿ ಆದ ಮೇಲೆ ಭಿಕ್ಖುಗಳು ಪಠಿಸುತ್ತಿರುವಾಗ, ಮನೆಯವರೆಲ್ಲ ಒಂದು ಹೂಜಿಗೆ ಕೈ ಹಚ್ಚಿ, ತಟ್ಟೆಯಲ್ಲಿಟ್ಟ ಬಟ್ಟಲಿಗೆ ನೀರು ಹೊಯ್ದರು. ಬಟ್ಟಲು ತುಂಬಿ ತಟ್ಟೆಗೆ ಹರಿಯುವವರೆಗೂ ಹೊಯ್ಯುತ್ತಾರೆ. ಹೊಳೆ ತುಂಬಿ ಸಮುದ್ರ ಸೇರುವ ಹಾಗೆ ಇಲ್ಲಿ ಮಾಡಿದ ಒಳ್ಳೆಯ ಕೆಲಸ ಹೋದವರಿಗೂ ಸೇರಲಿ ಅಂತ ಅದರ ಅರ್ಥ.

ನಮ್ಮ ಹುಡುಗ ಮಾತ್ರ ಹೂಜಿ ಹಿಡಿಯಲಿಲ್ಲ. "ನಮ್ಮ ಮನ್ಯಾಗ ಇದು ಮಾಡಂಗಿಲ್ರಿ" ಅಂತ ಮೆಲ್ಲಗೆ ಹೇಳಿ ಕೈ ಮುಗಿದು ಕೂತ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡಾಗ 22 ಪ್ರತಿಜ್ಞೆ ಮಾಡಿಸಿದರು. ಶ್ರಾದ್ಧ ಮಾಡುವುದಿಲ್ಲ, ಪಿಂಡ ಬಿಡುವುದಿಲ್ಲ ಅನ್ನುವುದು ಅದರಲ್ಲೊಂದು. ನೀರು ಬಿಡುವುದು ಅವನಿಗೆ ಅದರ ಹಾಗೇ ಕಂಡಿತು. ದಾನ ಕೊಟ್ಟ, ಶರಣ ಹೇಳಿದ, ಶೀಲ ತೆಗೆದುಕೊಂಡ, ಅಷ್ಟೇ ಸಾಕು ಅಂದ. ಯಾರೂ ಯಾಕೆ ಅಂತ ಕೇಳಲಿಲ್ಲ. ಬೌದ್ಧರಲ್ಲೂ ಹಲವು ದಾರಿ ಇವೆ ಅಂತ ಆವತ್ತು ನಮಗೆ ಕಂಡಿತು: ಶ್ರೀಲಂಕಾ, ಥಾಯ್ ಜನರ ಥೇರವಾದ, ನಮ್ಮ ಬೈಲಕುಪ್ಪೆ, ಮುಂಡಗೋಡಿನ ಟಿಬೆಟಿಯನ್ನರದ್ದು, ಜಪಾನಿನವರದ್ದು, ಅಂಬೇಡ್ಕರ್ ತೋರಿಸಿದ ನವಯಾನ. ಶರಣ, ಶೀಲದ ಹತ್ತಿರ ಎಲ್ಲರೂ ಒಂದಾಗುತ್ತಾರೆ.

ವಾಪಸ್ ಬರುವಾಗ ಟ್ರೈನಿನಲ್ಲಿ ಅವನು ಮೊದಲ ಸಲ ತನ್ನ ಊರಿನ ಸುದ್ದಿ ಬಿಚ್ಚಿದ. ಭೀಮಾ ನದಿಯ ದಂಡೆಯ ಸನ್ನತಿ. ಅಲ್ಲಿಯ ಚಂದ್ರಲಾಂಬ ಗುಡಿ ನಿಮ್ಮಲ್ಲಿ ಹಲವರು ನೋಡಿರಬಹುದು. ಅದೇ ಆವರಣದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಯಿತು. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ಅಲ್ಲಿನ ಒಂದು ಶಿಲ್ಪದಲ್ಲಿ ರಾಜ, ರಾಣಿಯರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ' ಅಂತ ಹೆಸರು. "ನಮ್ಮಪ್ಪ ನನ್ನ ಸಣ್ಣಾಂವ ಇದ್ದಾಗ ಕರ್ಕೊಂಡು ಹೋಗಿ ತೋರ್ಸಿದ್ರಿ" ಅಂದ.

ಬೌದ್ಧ ಧರ್ಮ ಎಲ್ಲೋ ಬಿಹಾರದ್ದು, ಟಿಬೆಟ್‌ನದು ಅಂತ ನಾವು ತಿಳಿದಿರುತ್ತೇವೆ. ರಾಯಚೂರಿನ ಮಸ್ಕಿ ಶಾಸನ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ಬೇರೆ ಶಾಸನಗಳಲ್ಲಿ ಬರುವ 'ದೇವರಿಗೆ ಪ್ರಿಯನಾದ' ರಾಜ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ಆ ಕಲ್ಲು. ಅದರಲ್ಲಿರುವ ಮಾತೇನು ಗೊತ್ತೇ? ದೊಡ್ಡವರಿಗೆ ಮಾತ್ರ ಇದು ಸಾಧ್ಯ ಅಂತ ತಿಳಿಯಬೇಡಿ, ಚಿಕ್ಕವರೂ ಧರ್ಮದಲ್ಲಿ ನಡೆದರೆ ಎತ್ತರಕ್ಕೆ ಹೋಗಬಹುದು ಅನ್ನುವ ಭಾವ. ಚಿತ್ರದುರ್ಗದ ಬ್ರಹ್ಮಗಿರಿಯ ಶಾಸನದಲ್ಲಿ ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು ಅಂತಿದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮ ಬಂಡೆಗಳ ಮೇಲೆ ಬರೆದದ್ದು. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಇವತ್ತಿಗೂ ಇರುವ ಕಂಚಿನ ಲೋಕೇಶ್ವರ ಮೂರ್ತಿಯೂ ಬೌದ್ಧರದ್ದೇ, 968ನೇ ಇಸವಿಯದ್ದು. ಕಲಬುರಗಿಯಲ್ಲಿ 2009ರಲ್ಲಿ ತೆರೆದ ಬುದ್ಧ ವಿಹಾರ ಈ ಸಾಲಿನಲ್ಲಿ ಹೊಸದು.

ಆ ರಾತ್ರಿ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕೂತಾಗ ಸಾಸಿವೆ ಕಾಳಿನ ಕತೆ ನೆನಪಾಯಿತು. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾ ಗೋತಮಿಗೆ, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂತ ಬುದ್ಧ ಹೇಳಿದ ಕತೆ, ಸ್ಕೂಲಲ್ಲೇ ಕೇಳಿದ್ದೇವೆ. ನಮ್ಮ ಐದು ಜನರಲ್ಲಿ ಒಬ್ಬರಿಗೆ ಅಮ್ಮನ ಮಣ್ಣಿಗೆ ಹೋಗಲಾಗಿರಲಿಲ್ಲ, ಇನ್ನೊಬ್ಬರಿಗೆ ಅಣ್ಣನದ್ದು, ಮತ್ತೊಬ್ಬರಿಗೆ ಸಾಕಿದ ಅಜ್ಜಿಯದ್ದು. ಒಂದೇ ಮನೆಯಲ್ಲಿದ್ದೂ ಯಾರೂ ಇದನ್ನು ಇನ್ನೊಬ್ಬರಿಗೆ ಹೇಳಿರಲಿಲ್ಲ. ಆವತ್ತು ಹೇಳಿಕೊಂಡೆವು. ಮೊದಲ ದಿನ ಆ ಪ್ರಶ್ನೆ ಕೇಳಿದ್ದವರು ಅವನ ಹತ್ತಿರ ಹೋಗಿ, "ತಪ್ಪಾಯ್ತಪ್ಪ" ಅಂದರು. ಅವನು "ಇರ್ಲಿ ಬಿಡ್ರಿ ಅಣ್ಣಾ" ಅಂದ. ಅಷ್ಟಕ್ಕೆ ಎಲ್ಲ ಸರಿಹೋಯಿತು ಅಂತ ನಾವು ಹೇಳುವುದಿಲ್ಲ. ಎರಡು ವರ್ಷ ಸಣ್ಣ ಅವಧಿ ಅಲ್ಲ. ಬುದ್ಧನ ಫೋಟೋ ಈಗ ಹಾಲ್‌ನಲ್ಲಿ, ಲಕ್ಷ್ಮಿ ಫೋಟೋ ಇರುವ ಕಪಾಟಿನ ಎದುರಿನ ಗೋಡೆಗೆ ಇದೆ. ಅಲ್ಲಿ ಹಾಕಿದ್ದು ಅವನೇ.

ಆಮೇಲೊಂದು ದಿನ ಅವನ ಜೊತೆ ಅಂಬೇಡ್ಕರ್ ಮನೆಗೂ ಹೋಗಿ ಬಂದೆವು. ಪ್ರಿಮ್‌ರೋಸ್ ಹಿಲ್ ಹತ್ತಿರ 10, ಕಿಂಗ್ ಹೆನ್ರೀಸ್ ರೋಡ್. ಇಳಿಯುವುದು ಚಾಕ್ ಫಾರ್ಮ್ ಸ್ಟೇಷನ್. 1921-22ರಲ್ಲಿ ಅವರು ಇದ್ದ ಮನೆ. 1916ರಲ್ಲಿ ಲಂಡನ್ನಿಗೆ ಓದಲು ಬಂದವರು, ಸ್ಕಾಲರ್‌ಶಿಪ್ ಮುಗಿದು ಮರುವರ್ಷ ಅರ್ಧಕ್ಕೇ ಊರಿಗೆ ಹೋಗಬೇಕಾಯಿತು. ಮುಂಬಯಿಯಲ್ಲಿ ಪಾಠ ಹೇಳಿ ದುಡ್ಡು ಕೂಡಿಸಿ, ಸಾಲ ಮಾಡಿ, 1920ರಲ್ಲಿ ಮತ್ತೆ ಬಂದು ಓದು ಮುಗಿಸಿದರು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಬಸವಣ್ಣನ ಪ್ರತಿಮೆ ಮುಂದೆ ನಾವೆಲ್ಲ ಫೋಟೋ ತೆಗೆಸಿಕೊಂಡವರೇ. ಆ ಪ್ರತಿಮೆಯೂ ಈ ಮನೆಯ ಸ್ಮಾರಕವೂ ಉದ್ಘಾಟನೆ ಆದದ್ದು ಒಂದೇ ದಿನ, 2015ರ ನವೆಂಬರ್ 14. ಒಂದನ್ನು ನೋಡಿದವರು ಇನ್ನೊಂದನ್ನೂ ನೋಡಿ ಬನ್ನಿ.

ಕಾಸು ಖರ್ಚಿಲ್ಲದೆ ನೋಡಬೇಕಾದರೆ ಬ್ಯಾಟರ್‌ಸೀ ಪಾರ್ಕ್‌ನಲ್ಲಿ ಥೇಮ್ಸ್ ದಂಡೆಗೆ 1985ರ ಪೀಸ್ ಪಗೋಡಾ ಇದೆ, ಜಪಾನಿನ ಭಿಕ್ಷುಗಳು ಕಟ್ಟಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಂಗಾರದ ಬಣ್ಣದ ಶಿಲ್ಪ: ಬುದ್ಧನ ಹುಟ್ಟು, ಜ್ಞಾನ, ಬೋಧನೆ, ಸಾವು. ಬಲಕ್ಕೆ ಒಂದು ಸುತ್ತು ಬಂದರೆ ಮಕ್ಕಳಿಗೆ ಪೂರ್ತಿ ಕತೆ ಹೇಳಬಹುದು. ವಿಂಬಲ್ಡನ್‌ನ ಕಲೋನ್ ರೋಡ್‌ನಲ್ಲಿ ಥಾಯ್ ಜನರ ಬುದ್ಧಪದೀಪ ದೇವಾಲಯ ಇದೆ, ಒಳಗಿನ ಗೋಡೆಚಿತ್ರ ನೋಡಲೇಬೇಕು. ಮೇ ತಿಂಗಳ ಹುಣ್ಣಿಮೆಯ ವೇಸಾಕ್, ಅಂದರೆ ನಮ್ಮ ಬುದ್ಧ ಪೂರ್ಣಿಮೆಗೆ, ಎಲ್ಲ ವಿಹಾರಗಳಲ್ಲೂ ಜನ ಸೇರುತ್ತಾರೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಮೂರ್ತಿಯ ಕಡೆ ಕಾಲು ಚಾಚಿ ಕೂರಬೇಡಿ. ಊಟ ಕೊಡುವುದಿದ್ದರೆ ಮೊದಲು ಫೋನ್ ಮಾಡಿ.

ನಿಮ್ಮ ಮನೆಗೂ ಹೊಸಬರು ಬರುತ್ತಾರೆ. ಬಂದ ದಿನ "ಊಟ ಆಯ್ತಾ?" ಅಂತ ಕೇಳಿ. ಬೇರೆ ಪ್ರಶ್ನೆ ಬೇಡ. ಮುಂದಿನ ತಿಂಗಳು ಎಂದಿನಂತೆ ಬಾಡಿಗೆ ಡಿಪಾಸಿಟ್ ವಿಷಯ ಬರೆಯುತ್ತೇವೆ. ಅದರ ಬಗ್ಗೆ ನಿಮ್ಮ ಅನುಭವ ಇದ್ದರೆ ಬರೆದು ಕಳಿಸಿ.